ಸಹಾಯ ಬೇಕು: ಸ್ಟೀರಿಂಗ್ ಶಾಫ್ಟ್ ನಾನೇ ಬದಲಿಸಲಾ, ಗ್ಯಾರೇಜಿಗೆ ಬಿಡಲಾ?

ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರೋ ಹ್ಯಾಚ್‌ಬ್ಯಾಕ್. ಹಂಪ್ ಹತ್ತಿಸುವಾಗ ಪೆಡಲ್ ಹತ್ತಿರ ಕಟಕಟ ಸದ್ದು. ಟೈ ರಾಡ್ ಎಂಡ್ (ಚಕ್ರದ ಹತ್ತಿರದ ಸ್ಟೀರಿಂಗ್ ಕೀಲು) ಗಟ್ಟಿಯಾಗಿವೆ. ಒಬ್ಬರು ಸ್ಟೀರಿಂಗ್ ಅಲ್ಲಾಡಿಸುವಾಗ ಇಂಟರ್‌ಮೀಡಿಯೆಟ್ ಶಾಫ್ಟಿನ (ಸ್ಟೀರಿಂಗ್ ತಿರುವನ್ನು ಕೆಳಗೆ ಚಕ್ರದ ಕಡೆ ಒಯ್ಯೋ ಕಂಬಿ) ಕೆಳಗಿನ ಯೂನಿವರ್ಸಲ್ ಜಾಯಿಂಟ್ (ಬಾಗೋ ಕೀಲು) ಹಿಡಿದರೆ ಪ್ಲೇ (ಸಡಿಲ) ಕೈಗೇ ಸಿಗುತ್ತೆ. ಗ್ಯಾರೇಜಿನವರು ಪೂರ್ತಿ ಕಾಲಂ (ಸ್ಟೀರಿಂಗನ್ನು ಹಿಡಿದಿರೋ ಇಡೀ ಜೋಡಣೆ) ಬದಲಿಸಿ ಅಂತಾರೆ, ದಂಡದ ಖರ್ಚು ಅನ್ನಿಸುತ್ತೆ.

ನನ್ನ ಲೆಕ್ಕ: ಚಕ್ರ ನೇರ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಬಿಗಿಯೋದು (ಅಕಸ್ಮಾತ್ ಸುತ್ತಿದರೆ ಸ್ಟೀರಿಂಗ್ ಒಳಗಿನ ಸುರುಳಿ ವೈರ್, ಅಂದರೆ ಕ್ಲಾಕ್ ಸ್ಪ್ರಿಂಗ್, ಹರಿದು ಹಾರ್ನ್, ಏರ್‌ಬ್ಯಾಗ್ ಎರಡೂ ಹೋದಂಗೆ). ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗಳು) ಮೇಲೆ ಪೇಂಟ್ ಗುರುತು. ಪಿಂಚ್ ಬೋಲ್ಟ್ (ಜಾಯಿಂಟನ್ನು ಶಾಫ್ಟಿಗೆ ಬಿಗಿಯೋದು) ಶಾಫ್ಟಿನ ಗ್ರೂವಿನಲ್ಲಿ ಕೂತಿರುತ್ತೆ, ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೀಬೇಕು. ವಾಪಸ್ ಹಾಕೋದು ಹೊಸ ಬೋಲ್ಟೇ.

ಮಾಡಿದವರು ಹೇಳಿ: ಶಾಫ್ಟ್ ಮಾತ್ರ ತೆಗೆದರೂ ಸ್ಕ್ಯಾನರ್ ಹಾಕಿ, ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯೋ ಆ್ಯಂಗಲ್ ಸೆನ್ಸರ್ ಸೊನ್ನೆಗೆ ತರಬೇಕಾ? ಸ್ಪ್ಲೈನ್ ತುಕ್ಕು ಹಿಡಿದಿದ್ದರೆ, ಸುತ್ತಿಗೆ ಏಟು ಮೇಲಿನ ಟಾರ್ಕ್ ಸೆನ್ಸರಿಗೆ (ತಿರುಗಿಸೋ ಬಲ ಅಳೆಯೋದು) ತಾಗದಂತೆ ಬಿಡಿಸೋದು ಹೇಗೆ?