ಬಿಳಿ ಮೀನು: ಮೊದಲು ದಪ್ಪ ನೋಡು, ಆಮೇಲೆ ಒಲೆ ಹಚ್ಚು

ಹಾಂ ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಇಷ್ಟೆಲ್ಲ ಟೈಪ್ ಮಾಡುವುದು ನನ್ನಿಂದಾಗದು, ಮಾತಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಪಾತ್ರೆ ತೊಳೆಯುತ್ತಾ ಕೇಳು.

ನೀನು ಕೇಳಿದ್ದು ಇಷ್ಟು ಅಲ್ವಾ? ಫ್ರೀಜರ್‌ನಲ್ಲಿ ಮುಳ್ಳಿಲ್ಲದ ಬಿಳಿ ಮೀನಿನ ಪ್ಯಾಕೆಟ್ ಇದೆ. ಪ್ರತಿ ಸಲ ಎಣ್ಣೆಯಲ್ಲಿ ಹುರಿಯುತ್ತೀಯ. ತಿರುವಿ ಹಾಕುವಾಗ ಪುಡಿಪುಡಿ ಆಗುತ್ತದೆ, ನೀರು ಬಿಡುತ್ತದೆ, ಮಕ್ಕಳು ರುಚಿಯೇ ಇಲ್ಲ ಅನ್ನುತ್ತಾರೆ. ಬೇರೆ ಹೇಗೆ ಮಾಡಬಹುದು ಅಂತ. ಅದರ ಕೆಳಗೆ ಅಕ್ಕ, "ಮಸಾಲೆ ಜಾಸ್ತಿ ಹಾಕಿ ಅರ್ಧ ಗಂಟೆ ಕುದಿಸು, ಸರಿಹೋಗುತ್ತದೆ" ಅಂತ ಬರೆದಿದ್ದಾಳೆ. ಅಕ್ಕಾ, ಬೇಜಾರು ಮಾಡಿಕೊಳ್ಳಬೇಡ, ನಿನ್ನ ಮಾತಿಗೂ ಬರುತ್ತೇನೆ.

ಮೊದಲು ಮಕ್ಕಳ ದೂರು. ಅವರು ಹೇಳುವುದು ಸುಳ್ಳಲ್ಲ. ಕಾಡ್, ಹ್ಯಾಡಕ್, ಸೋಲ್, ತಿಲಾಪಿಯಾ, ಬಾಸಾ, ಇವುಗಳ ಮಾಂಸದಲ್ಲಿ ಕೊಬ್ಬು ಕಡಿಮೆ. ಕಾಡ್ ಮೀನಂತೂ ಕೊಬ್ಬನ್ನು ಲಿವರ್‌ನಲ್ಲಿ ಕೂಡಿಡುತ್ತದೆ, ಕಾಡ್ ಲಿವರ್ ಎಣ್ಣೆ ಬರುವುದು ಅಲ್ಲಿಂದಲೇ. ಅದರ 100 ಗ್ರಾಂ ಮಾಂಸದಲ್ಲಿ 1 ಗ್ರಾಂ ಕೊಬ್ಬೂ ಇರುವುದಿಲ್ಲ. ಹಾಗಾಗಿ ಗಾಢ ರುಚಿಯನ್ನು ಈ ಮೀನಿನಿಂದ ನಿರೀಕ್ಷಿಸಬೇಡ. ಇದರ ಹೆಚ್ಚುಗಾರಿಕೆ ಇರುವುದು ಪದರ ಪದರವಾಗಿ ಬಿಡಿಸಿಕೊಳ್ಳುವ ಆ ಮೆದುತನದಲ್ಲಿ, ರಸದಲ್ಲಿ. ಅದನ್ನು ಉಳಿಸಿಕೊಂಡರೆ ಬೆಣ್ಣೆ, ಉಪ್ಪು, ಹುಳಿ ಸಾಕು. ಅದನ್ನೇ ಕಳೆದುಕೊಂಡರೆ ಎಷ್ಟು ಮಸಾಲೆ ಸುರಿದರೂ ಮಸಾಲೆಯ ರುಚಿ ಬರುತ್ತದೆ, ಮೀನಿನದ್ದಲ್ಲ.

ಈಗ ಪುಡಿಯಾಗುವ ವಿಷಯ. ಮೀನಿನ ಮಾಂಸದ ನಾರು ತುಂಬಾ ಗಿಡ್ಡ. ಪದರಗಳನ್ನು ಹಿಡಿದಿಡುವ ಪೊರೆಯೂ ತೆಳು, ಸ್ವಲ್ಪ ಬಿಸಿಗೇ ಕರಗಿಬಿಡುತ್ತದೆ. ಗಟ್ಟಿ ಮಟನ್ ಹೊತ್ತು ಹೋದಷ್ಟೂ ಮೆತ್ತಗಾಗುತ್ತದಲ್ಲ, ಇಲ್ಲಿ ಉಲ್ಟಾ. ಒಳಗಿನ ಬಿಸಿ 55 ಡಿಗ್ರಿ ದಾಟುವಾಗಲೇ ಮೀನು ಬೆಳ್ಳಗಾಗಿ ಪದರ ಬಿಡಲು ಶುರು. ಮೀನಿನ ಒಳಗೆ ಇಷ್ಟು ಬಿಸಿ ಮುಟ್ಟಬೇಕು ಅಂತ ಅಮೆರಿಕದ ಸರ್ಕಾರಿ ಸಲಹೆ 63 ಡಿಗ್ರಿ ಸೆಲ್ಸಿಯಸ್. 70 ದಾಟಿತು ಅಂದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಮಾಂಸ ತನ್ನ ನೀರನ್ನೆಲ್ಲ ಹೊರಹಾಕುತ್ತದೆ. ನಿನ್ನ ಬಾಣಲೆಯಲ್ಲಿ ನಿಲ್ಲುವ ನೀರಲ್ಲಿ ಒಂದು ಪಾಲು ಅದೇ.

ಇನ್ನೊಂದು ಪಾಲು ಮಂಜುಗಡ್ಡೆಯದ್ದು. ಹಿಂದಿನ ರಾತ್ರಿಯೇ ಮೀನನ್ನು ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಅರೆಯಲ್ಲಿಡು. ಗಾಳಿ ತೆಗೆದು ಬಿಗಿಯಾಗಿ ಸೀಲ್ ಮಾಡಿದ ಪ್ಯಾಕೆಟ್ ಆದರೆ ಮೊದಲು ಅದನ್ನು ಕತ್ತರಿಸಿ ಬಿಚ್ಚಿಡಬೇಕು. ಗಾಳಿ ಇಲ್ಲದ ಕಡೆ ಬೆಳೆಯುವ ಒಂದು ಕೆಟ್ಟ ಬ್ಯಾಕ್ಟೀರಿಯಾ ಇದೆ, ಅದರ ಕೆಲವು ಬಗೆಗಳು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತವೆ. ಸುಮ್ನೆ ಯಾಕೆ ರಿಸ್ಕ್? ಅವಸರ ಇದ್ದರೆ, ನೀರು ಒಳಗೆ ಹೋಗದ ಕವರ್‌ನಲ್ಲಿ ಹಾಕಿ ತಣ್ಣೀರಲ್ಲಿ ಮುಳುಗಿಸು, ಅರ್ಧ ಗಂಟೆಗೊಮ್ಮೆ ನೀರು ಬದಲಿಸು, ಕರಗಿದ ಕೂಡಲೇ ಬೇಯಿಸು. ಬಿಸಿನೀರಿಗೆ ಮಾತ್ರ ಹಾಕಬೇಡ, ಅಂಚೆಲ್ಲ ಅಲ್ಲೇ ಬೆಂದುಬಿಡುತ್ತದೆ. ಪ್ಯಾಕೆಟ್ ಹಿಂದೆ ಏನೇನು ಸೇರಿಸಿದ್ದಾರೆ ಅಂತಲೂ ಓದು. ಕೆಲವರು ನೀರು ಹಿಡಿದಿಡಲು ಫಾಸ್ಫೇಟ್ ಹಾಕಿರುತ್ತಾರೆ. ಅಂಥ ಮೀನು ಬಾಣಲೆಯಲ್ಲಿ ಕೆಂಪಗಾಗುವುದು ಕಷ್ಟ. ಅದನ್ನು ಸಾಸ್‌ಗೆ ಹಾಕು, ಹುರಿಯುವ ಆಸೆ ಬಿಡು.

ಕರಗಿದ ಮೀನಿಗೆ ಎರಡೂ ಕಡೆ ಉಪ್ಪು ಉದುರಿಸಿ ಕಾಲು ಗಂಟೆ ಬಿಡು. ಮೇಲೆ ನೀರು ಬರುತ್ತದೆ, ಅದನ್ನು ಟಿಶ್ಯೂ ಅಥವಾ ಒಗೆದ ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸು. ಉಪ್ಪು ಮೇಲ್ಪದರವನ್ನು ಸ್ವಲ್ಪ ಗಟ್ಟಿ ಮಾಡುತ್ತದೆ, ತುಂಡು ಒಡೆಯುವುದು ಕಡಿಮೆ ಆಗುತ್ತದೆ. ಬೇಯುವಾಗ ಮೇಲೆ ಬಿಳಿ ಗಸಿ ಥರ ಕಟ್ಟುತ್ತದಲ್ಲ, ಅದೂ ಕಡಿಮೆ. ನಿಂಬೆರಸ ಮಾತ್ರ ಆಗಲೇ ಹಾಕಬೇಡ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಮೀನಿನ ಮೇಲ್ಭಾಗ ಹಿಟ್ಟುಹಿಟ್ಟಾಗುತ್ತದೆ. ನಿಂಬೆ ಕೊನೆಗೆ, ತಟ್ಟೆಗೆ ಬಂದ ಮೇಲೆ. ಮೀನಿನ ವಾಸನೆಯನ್ನು ಹುಳಿ ಹಿಡಿದು ಹಾಕುವುದು ನಿಜ, ಆದರೆ ಅದಕ್ಕೆ ಕೊನೆಯಲ್ಲಿ ಹಿಂಡಿದ್ದೇ ಸಾಕು.

ಈಗ ಮುಖ್ಯ ಮಾತು. ಹೇಗೆ ಮಾಡಲಿ ಅಂತ ಕೇಳುವ ಮೊದಲು ತುಂಡು ಎಷ್ಟು ದಪ್ಪ ಇದೆ ನೋಡು. ಒಂದು ಸೆಂಟಿಮೀಟರ್‌ಗಿಂತ ತೆಳು ಇದ್ದರೆ ಬಾಣಲೆ. ಎರಡು ಎರಡೂವರೆ ಸೆಂಟಿಮೀಟರ್ ಇದ್ದರೆ ಓವನ್, ಹಬೆ, ಇಲ್ಲ ಸಾಸ್. ದಪ್ಪ ತುಂಡನ್ನು ಬಾಣಲೆಯಲ್ಲೇ ಪೂರ್ತಿ ಬೇಯಿಸಲು ಹೋದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ತೆಳು ತುಂಡನ್ನು ಓವನ್‌ಗೆ ಹಾಕಿದರೆ ಬಣ್ಣ ಬರುವ ಮೊದಲೇ ಒಣಗಿರುತ್ತದೆ. ಬಾಲದ ಕಡೆ ತೆಳ್ಳಗಿದ್ದರೆ ಆ ತುದಿಯನ್ನು ಕೆಳಗೆ ಮಡಚಿಡು, ದಪ್ಪ ಸಮ ಆಗುತ್ತದೆ.

ಬಾಣಲೆಯದ್ದು ನಿನಗೆ ಗೊತ್ತಿರುವುದೇ, ಆದರೂ ಸ್ವಲ್ಪ ಕೇಳು. ಒರೆಸಿದ ಮೀನಿಗೆ ಅಕ್ಕಿ ಹಿಟ್ಟನ್ನೋ ಮೈದಾವನ್ನೋ ತೆಳ್ಳಗೆ ಸವರಿ ಕೊಡವು. ಬಾಣಲೆ ಚೆನ್ನಾಗಿ ಕಾಯಲಿ, ಆಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಮೀನು. ನಾನ್‌ಸ್ಟಿಕ್ ಆದರೆ ಮಾತ್ರ ಖಾಲಿ ಕಾಯಿಸಬೇಡ, ಎಣ್ಣೆ ಮೊದಲೇ ಹಾಕು. ಇಟ್ಟ ಕೂಡಲೇ ಸಟ್ಟುಗದಿಂದ ಹತ್ತು ಸೆಕೆಂಡ್ ಮೆಲ್ಲಗೆ ಒತ್ತಿ ಹಿಡಿ. ಆಮೇಲೆ ಮುಟ್ಟಬೇಡ. ನೀನು ಮಾಡುವ ತಪ್ಪು ಇಲ್ಲೇ ಇರಬೇಕು, ಪದೇ ಪದೇ ಎಬ್ಬಿಸಿ ನೋಡುತ್ತೀಯ. ತಳ ಗರಿಯಾಗುವವರೆಗೆ ಮೀನು ಬಾಣಲೆ ಬಿಡುವುದಿಲ್ಲ, ಗರಿಯಾದ ಮೇಲೆ ತಾನೇ ಬಿಡುತ್ತದೆ. ಮುಕ್ಕಾಲು ಭಾಗ ಮೊದಲ ಬದಿಯಲ್ಲೇ ಬೇಯಲಿ. ಅಂಚಿನಿಂದ ಬೆಳ್ಳಗಾಗುತ್ತಾ ಬರುವುದು ಕಾಣುತ್ತದೆ. ತಿರುವಿದ ಮೇಲೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಉರಿ ಆರಿಸಿ ಒಂದು ಚಮಚ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕು, ಕರಗಿದ್ದನ್ನು ಮೀನಿನ ಮೇಲೆ ಸುರಿ. ಒಂದು ಸಲಕ್ಕೆ ಎರಡು ಮೂರು ತುಂಡು ಸಾಕು, ತುಂಬಿಸಿದರೆ ಹುರಿಯುವ ಬದಲು ತನ್ನ ನೀರಲ್ಲೇ ಬೇಯುತ್ತದೆ.

ಓವನ್‌ನಲ್ಲಿ ನನಗಿಷ್ಟ ಬ್ರೆಡ್ ಪುಡಿ ಹಾಕಿ ಮಾಡುವುದು. ಮಕ್ಕಳಿಗೂ ಇದೇ ಹಿಡಿಸುತ್ತದೆ ಅನಿಸುತ್ತದೆ. ಇದಕ್ಕೊಂದು ಗುಟ್ಟು ಇದೆ. ಬ್ರೆಡ್ ಪುಡಿ ಹಸಿಯಾಗಿ ಹಾಕಿದರೆ ಅದು ಕೆಂಪಗಾಗುವಷ್ಟರಲ್ಲಿ ಮೀನು ಒಣಗಿ ಹೋಗಿರುತ್ತದೆ. ಅದಕ್ಕೆ ಪುಡಿಯನ್ನು ಮೊದಲೇ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದಿಟ್ಟುಕೋ. ಬೆಳ್ಳುಳ್ಳಿ, ಕಾಳುಮೆಣಸು, ಸಣ್ಣಗೆ ಹೆಚ್ಚಿದ ಸೊಪ್ಪು, ತುರಿದ ನಿಂಬೆ ಸಿಪ್ಪೆ ಸೇರಿಸು. ಮೀನಿನ ಮೇಲೆ ಗಟ್ಟಿ ಮೊಸರನ್ನೋ ಮೇಯನೇಸನ್ನೋ ತೆಳ್ಳಗೆ ಹಚ್ಚು, ಪುಡಿ ಅಂಟಿಕೊಳ್ಳುವುದಕ್ಕೆ. 220 ಡಿಗ್ರಿ ಕಾದ ಓವನ್‌ಗೆ ಇಡು. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಹತ್ತು ನಿಮಿಷ ಅಂತ ಹಳೆಯ ಲೆಕ್ಕ ಒಂದಿದೆ. ಎಂಟು ನಿಮಿಷಕ್ಕೇ ತೆಗೆದು ನೋಡು ಅನ್ನುತ್ತೇನೆ ನಾನು. ದಪ್ಪ ಇರುವ ಕಡೆ ಫೋರ್ಕ್ ಚುಚ್ಚಿ ಸ್ವಲ್ಪ ತಿರುಗಿಸು. ಪದರ ಸಲೀಸಾಗಿ ಬಿಟ್ಟು ಒಳಗೆ ಗಾಜಿನಂಥ ಭಾಗ ಉಳಿದಿಲ್ಲ ಅಂದರೆ ಆಯಿತು.

ಓವನ್‌ನಲ್ಲೇ ಇನ್ನೊಂದು ದಾರಿ, ಬೇಕಿಂಗ್ ಪೇಪರ್‌ನಲ್ಲಿ ಪೊಟ್ಟಣ ಕಟ್ಟುವುದು. ಕೆಳಗೆ ತೆಳ್ಳಗೆ ಹೆಚ್ಚಿದ ತರಕಾರಿ, ಮೇಲೆ ಮೀನು, ಬೆಣ್ಣೆ, ಉಪ್ಪು. ಅಂಚನ್ನು ಗಾಳಿ ಆಡದ ಹಾಗೆ ಮಡಚಿ 200 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಇಡು. ಆಲೂಗಡ್ಡೆ, ಕ್ಯಾರೆಟ್ ಥರದ ಗಟ್ಟಿ ತರಕಾರಿಯನ್ನು ಮುಂಚೆಯೇ ಅರೆ ಬೇಯಿಸಿಕೋ, ಇಲ್ಲದಿದ್ದರೆ ಮೀನು ಬೆಂದರೂ ಅದು ಕಚ್ಚಾ. ಬಿಚ್ಚುವಾಗ ಮುಖ ದೂರ ಇಟ್ಟುಕೋ, ಹಬೆ ಹೊಡೆಯುತ್ತದೆ.

ಹಬೆಯಲ್ಲಿ ಬೇಯಿಸುವುದಂತೂ ಇನ್ನೂ ಸುಲಭ. ನೀರು ಜೋರಾಗಿ ಕುದಿಯಲು ಶುರುವಾದ ಮೇಲೆಯೇ ಮೀನಿನ ತಟ್ಟೆ ಒಳಗಿಡು. ಬೆಂದ ಮೇಲೆ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡು, ವಾಸನೆ ಇರುವುದು ಅದರಲ್ಲೇ. ಆಮೇಲೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿ ಹೂ ಹರಡಿ, ಹೊಗೆ ಬರುವಷ್ಟು ಕಾದ ಎಣ್ಣೆ ಎರಡು ಚಮಚ ಮೇಲೆ ಸುರಿ. ಚುರ್ ಅನ್ನಬೇಕು. ಮೇಲೆ ಸ್ವಲ್ಪ ಸೋಯಾ ಸಾಸ್. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ರುಚಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಈಗ ಅಕ್ಕನ ಅರ್ಧ ಗಂಟೆ. ಅಕ್ಕಾ, ಕುದಿಸು, ಆದರೆ ಮಸಾಲೆಯನ್ನು ಮಾತ್ರ. ಟೊಮೆಟೊ, ಈರುಳ್ಳಿ, ಮಸಾಲೆ ಎಲ್ಲ ಚೆನ್ನಾಗಿ ಬೆಂದು, ಗಟ್ಟಿಯಾಗಿ, ಉಪ್ಪು ಖಾರ ಸರಿ ಇದೆ ಅಂತ ನೋಡಿ ಆದ ಮೇಲೆ ಉರಿ ಸಣ್ಣ ಮಾಡು. ಆಗ ಮೀನಿನ ತುಂಡುಗಳನ್ನು ಅದರೊಳಗೆ ಮೆಲ್ಲಗೆ ಕೂರಿಸಿ ಮುಚ್ಚಳ ಮುಚ್ಚು. ಆರೇಳು ನಿಮಿಷಕ್ಕೆ ಬೆಂದಿರುತ್ತದೆ. ಸೌಟು ಹಾಕಿ ಕಲಕಬೇಡ, ಪಾತ್ರೆ ಹಿಡಿದು ಅಲ್ಲಾಡಿಸು ಅಷ್ಟೇ. ಮೀನು ನೀರು ಬಿಡುವುದರಿಂದ ಸಾಸ್ ಸ್ವಲ್ಪ ಗಟ್ಟಿಯೇ ಇರಲಿ. ಖಾರ ತಿನ್ನದ ಮಕ್ಕಳಿಗೆ ಹಾಲಿನಲ್ಲೂ ಹೀಗೆಯೇ ಮಾಡಬಹುದು. ಹಾಲಿಗೆ ಈರುಳ್ಳಿ ಚೂರು, ಕಾಳುಮೆಣಸು, ಪಲಾವ್ ಎಲೆ ಹಾಕಿ ಬಿಸಿ ಮಾಡು. ಹಾಲು ಉಕ್ಕಬಾರದು, ತಳದಿಂದ ಸಣ್ಣ ಗುಳ್ಳೆ ಏಳುತ್ತಿರಬೇಕು. ಮೀನು ಬೆಂದ ಮೇಲೆ ತೆಗೆದಿಟ್ಟು ಹಾಲನ್ನು ಸೋಸು. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ, ಮೈದಾ ಹುರಿದು, ಆ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಬಿಳಿ ಸಾಸ್ ಮಾಡು. ಮೀನಿನ ರಸ ಏನೂ ವ್ಯರ್ಥ ಆಗುವುದಿಲ್ಲ.

ಹಿಟ್ಟಿನಲ್ಲಿ ಅದ್ದಿ ಕರಿಯುವುದು ವಾರದ ದಿನದ ಕೆಲಸ ಅಲ್ಲ, ಆದರೂ ಕೇಳಿದೆಯಲ್ಲ. ಹಿಟ್ಟು ಕಲಸಲು ಫ್ರಿಜ್‌ನ ತಣ್ಣಗಿನ ಸೋಡಾ ನೀರು ಬಳಸು. ಗುಳ್ಳೆಯಿಂದ ಹಗುರ ಆಗುತ್ತದೆ, ತಂಪಿನಿಂದ ಮೈದಾ ಹೆಚ್ಚು ಅಂಟಂಟಾಗುವುದಿಲ್ಲ. ಗಂಟು ಇದ್ದರೂ ಪರವಾಗಿಲ್ಲ, ಜಾಸ್ತಿ ಕಲಸಬೇಡ. ಎಣ್ಣೆ 180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತೊಟ್ಟು ಹಿಟ್ಟು ಬಿಡು, ಮುಳುಗಿ ತಕ್ಷಣ ಮೇಲೆ ಬಂದು ಚಟಪಟ ಅಂದರೆ ಸರಿ. ತೆಗೆದದ್ದನ್ನು ಜಾಲರಿ ಮೇಲೆ ಇಡು. ಪೇಪರ್ ಮೇಲೆ ಇಟ್ಟರೆ ಕೆಳಗಡೆ ಬೆವರಿ ಮೆತ್ತಗಾಗುತ್ತದೆ.

ಬಾವ, ನೀವು ಹಾಕಿದ ವಿಡಿಯೋ ನೋಡಿದೆ. ಹಸಿ ಮೀನನ್ನು ಬರೀ ನಿಂಬೆರಸದಲ್ಲಿ ನೆನೆಸಿ ಕೊಡುತ್ತಾರಲ್ಲ, ಅದು. ಬಣ್ಣ ಬೆಳ್ಳಗಾಗುತ್ತದೆ, ಬೆಂದ ಹಾಗೆಯೇ ಕಾಣುತ್ತದೆ. ಆದರೆ ಹುಳಿಯಿಂದ ಬ್ಯಾಕ್ಟೀರಿಯಾ, ಹುಳುಗಳು ಸಾಯುತ್ತವೆ ಅಂತ ನಂಬುವ ಹಾಗಿಲ್ಲ. ನೀವು ಬೇಕಾದರೆ ಹೊರಗೆ ತಿನ್ನಿ, ಇವಳ ಮನೆಯ ಮಕ್ಕಳಿಗೆ ಬೇಡ.

ಉಳಿದ ಮೀನು ಏನು ಮಾಡಲಿ ಅಂತಲೂ ಕೇಳಿದ್ದೀಯ. ತಣ್ಣಗಾದ ಕೂಡಲೇ ಫ್ರಿಜ್‌ಗಿಡು, ಎರಡು ದಿನದೊಳಗೆ ಮುಗಿಸು. ಮತ್ತೆ ಬಿಸಿ ಮಾಡಿದರೆ ರಬ್ಬರ್ ಆಗುತ್ತದೆ, ಹಾಗಾಗಿ ರೂಪ ಬದಲಿಸುವುದೇ ವಾಸಿ. ಬೇಯಿಸಿ ಪುಡಿ ಮಾಡಿದ ಆಲೂಗಡ್ಡೆ, ಅಷ್ಟೇ ಮೀನು, ಹಸಿಮೆಣಸು, ಸೊಪ್ಪು ಸೇರಿಸಿ ತಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಡು, ಆಮೇಲೆ ಎರಡೂ ಕಡೆ ಹುರಿ. ಮೀನನ್ನು ತೀರಾ ನುಣ್ಣಗೆ ಮಾಡಬೇಡ, ಚೂರುಗಳು ಬಾಯಿಗೆ ಸಿಗಬೇಕು.

ಆ ಪ್ಯಾಕೆಟ್‌ನ ಎರಡೂ ಕಡೆಯ ಫೋಟೋ ಹಾಕು, ತುಂಡಿನ ಪಕ್ಕ ಒಂದು ಬೆರಳು ಇಟ್ಟು. ದಪ್ಪ ನೋಡಿ ಯಾವುದು ಮಾಡಬಹುದು ಅಂತ ಹೇಳುತ್ತೇನೆ.