ಮಾಸಿದೆ, ಸವೆದಿದೆ, ಮಂಕಾಗಿದೆ: ಬೋರ್ಡಿಗೆ ಯಾವುದು?

ಎಲ್ಲರಿಗೂ ನಮಸ್ಕಾರ. ಮಂಡ್ಯದಿಂದ ಬರೆಯುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಗಣರಾಜ್ಯೋತ್ಸವಕ್ಕೆ ಒಂದು ಪ್ರದರ್ಶನ ಇದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಚಿತ್ರದ ಕೆಳಗೆ ಎರಡು ಸಾಲು ಬೇಕು. 1776ರಲ್ಲಿ ಪಾರ್ಚ್‌ಮೆಂಟ್ ಮೇಲೆ ಬರೆದದ್ದು, ಈಗ ಅಕ್ಷರ ಕಾಣೋದೇ ಕಷ್ಟ. ನಾನು ‘ಮಾಸಿದೆ’ ಅಂತ ಬರೆದೆ, ನಮ್ಮ ಸಮಾಜ ಮೇಷ್ಟ್ರು ‘ಸವೆದಿದೆ’ ಅಂತ ತಿದ್ದಿದರು. ಯಾವುದು ಸರಿ? ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಪಾರ್ಚ್‌ಮೆಂಟಿಗೂ ಒಂದು ಪದ ಹೇಳಿ.

ಉತ್ತರ 1
‘ಶಿಥಿಲಗೊಂಡ ಚರ್ಮಪತ್ರ’. ಇದರಲ್ಲಿ ಚರ್ಚೆ ಏನಿದೆ?

ಉತ್ತರ 2, ಮೈಸೂರಿನಿಂದ
ಇದೆ ಸಾರ್. ಶಿಥಿಲ ಅಂದ್ರೆ ಬೀಳೋ ಕಟ್ಟಡ. ಇಲ್ಲಿ ಹಾಳೆ ಉಳಿದಿದೆ, ಹೋಗಿರೋದು ಮಸಿ.

ಮೇಡಂ, ಅದಕ್ಕೆ ಬಿದ್ದಿರೋದು ಬೇರೆ ಬೇರೆ ಪೆಟ್ಟು. ಮೊದಲ ವರ್ಷಗಳಲ್ಲಿ ಸುರುಳಿ ಸುತ್ತಿ ಊರಿಂದ ಊರಿಗೆ ಒಯ್ದರು. ಸುತ್ತಿ ಬಿಚ್ಚಿ ಮಾಡಿದಾಗಲೆಲ್ಲ ಮಸಿ ಉದುರುತ್ತದೆ, ಅದು ಸವೆತ. ಆಮೇಲೆ 1841ರಿಂದ 1876ರವರೆಗೆ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿ ಕಿಟಕಿ ಎದುರಿಗೇ ನೇತುಹಾಕಿದ್ದರು. ಬೆಳಕಿಗೆ ಯಾವುದೂ ಸವೆಯಲ್ಲ. ಚಪ್ಪಲಿ ಸವೆಯುತ್ತದೆ, ಒರಳು ಸವೆಯುತ್ತದೆ, ಅದಕ್ಕೆ ಉಜ್ಜಾಟ ಬೇಕು. ಬಿಸಿಲಿಗೆ ಮಂಕಾಗುತ್ತದೆ. ಅಲ್ಲಿ ತುಂಬಾ ಹಾಳಾಯಿತು, ಹಾಗಾಗಿ ‘ಮಂಕಾಗಿದೆ’ ಅಂತ ಬರೆಯಿರಿ.

‘ಮಾಸದ ನೆನಪು’ ಅನ್ನಲ್ವಾ ಅಂತ ಯಾರಾದರೂ ಬರ್ತಾರೆ. ನೆನಪಿಗೆ ಸರಿ. ಬಟ್ಟೆ ಮಾಸಿದೆ ಅಂದ್ರೆ ಕೊಳೆಯಾಗಿದೆ, ಒಗೆಯೋಕೆ ಹಾಕು ಅಂತಲೇ ಅರ್ಥ. ಆ ಹಾಳೆಯ ಕೆಳಗೆ ಎಡಗಡೆ ಯಾರದೋ ಅಂಗೈ ಗುರುತಿದೆ. ಅಲ್ಲಿ ಬೇಕಾದರೆ ‘ಮಾಸಿದೆ’ ಅನ್ನಿ.

ಪಾರ್ಚ್‌ಮೆಂಟಿಗೆ ‘ತೊಗಲು ಹಾಳೆ’. ತೊಗಲುಗೊಂಬೆ ನೋಡಿದ್ದೀರಲ್ವಾ, ಕೂದಲು ಕೆರೆದು, ಎಳೆದು ಕಟ್ಟಿ, ಒಣಗಿಸಿದ್ದು, ಬೆಳಕು ಹಾಯುವಷ್ಟು ತೆಳು. ಪಾರ್ಚ್‌ಮೆಂಟೂ ಹಾಗೇ, ಚಪ್ಪಲಿಗೆ ಹದ ಮಾಡೋ ಚರ್ಮ ಅಲ್ಲ. ಮಸಿಯ ಹೆಸರೂ ಹಾಕೋದಾದರೆ ‘ಐರನ್ ಗಾಲ್’ ಬೇಡ, ‘ಮಾಚಿಕಾಯಿ ಮಸಿ’ ಅನ್ನಿ. ಬಾಣಂತಿ ಮನೆಯಲ್ಲಿ ಮಗುವಿಗೆ ತೇಯ್ದು ನೆಕ್ಕಿಸೋ ಮಾಚಿಕಾಯಿಯೇ. ಗೋಲಿ ಗಾತ್ರ, ಮೇಲೆಲ್ಲ ಸಣ್ಣ ಗಂಟು, ಕೆಲವದರಲ್ಲಿ ಹುಳ ಕೊರೆದು ಹೊರಬಿದ್ದ ತೂತು. ಓಕ್ ಮರದ ಅಂಥ ಗಂಟಿನ ರಸಕ್ಕೆ ಅನ್ನಭೇದಿ, ಅಂದ್ರೆ ಕಬ್ಬಿಣದ ಒಂದು ಲವಣ, ಸೇರಿದರೆ ಕಪ್ಪಾಗುತ್ತದೆ.

ಉತ್ತರ 3
ತೊಗಲು ತಂದವರು ‘ಮಸಿ’ ಹೇಗೆ ಬಿಟ್ಟುಕೊಂಡಿರಿ? ಅದು ಸಂಸ್ಕೃತದ್ದು. ‘ಘೋಷಣೆ’ಯೂ ಅಷ್ಟೇ. ‘ಸಾರಿಕೆ’ ಅಂತ ಹಾಕಿ. ಕನ್ನಡಕ್ಕೆ ಕಟ್ಟುವ ಕಸುವಿದೆ, ಸುಮ್ನೆ ಕಡ ತರಬೇಡಿ.

ಉತ್ತರ 2ರವರು ಮತ್ತೆ
ಲಾಟೀನಿನ ಮಸಿ, ಪಾತ್ರೆ ತಳದ ಮಸಿ, ಇವಕ್ಕೆ ಬೇರೆ ಏನಂತೀರಿ? ಎಲ್ಲಿಂದ ಬಂದರೂ ನೂರಾರು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿದೆ. ಮಕ್ಕಳ ಪಾಠದಲ್ಲಿ ‘ಘೋಷಣೆ’ ಇದೆ, ಬೋರ್ಡಿನಲ್ಲೂ ಅದೇ ಇರಲಿ. ಓದುವವನು ತಡವರಿಸಿದರೆ ಪದ ಕಟ್ಟಿ ಏನು ಬಂತು?

ಪ್ರಶ್ನೆ ಕೇಳಿದವರು
ತುಂಬಾ ಧನ್ಯವಾದ. ಹೀಗೆ ಬರೆದಿದ್ದೇನೆ: ‘ತೊಗಲು ಹಾಳೆಯ ಮೇಲೆ ಮಾಚಿಕಾಯಿ ಮಸಿಯಲ್ಲಿ ಬರೆದ ಘೋಷಣೆ. ಸುತ್ತಿ ಬಿಚ್ಚಿ ಸವೆಯಿತು, ಬೆಳಕಿಗೆ ಮಂಕಾಯಿತು. 2003ರಿಂದ ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿದೆ.’ ಪಕ್ಕದಲ್ಲಿ ನಮ್ಮ ಸಂವಿಧಾನದ ಮೂಲಪ್ರತಿಯ ಚಿತ್ರ, ಅದಕ್ಕೆ ನೈಟ್ರೋಜನ್ ಪೆಟ್ಟಿಗೆ.

ಉತ್ತರ 3ರವರು
‘ಮಂಕಾಯಿತು’ ಚೆನ್ನಾಗಿದೆ. ‘ಘೋಷಣೆ’ಗೆ ನನ್ನ ಒಪ್ಪಿಗೆ ಇಲ್ಲ. ‘ಅನಿಲ’ಕ್ಕೆ ಬದಲು ‘ಗಾಳಿ’ ಅಂದರೆ ಏನು ಕಷ್ಟ?

ಉತ್ತರ 2ರವರು
ಪೆಟ್ಟಿಗೆ ಮಾಡಿದ್ದೇ ಗಾಳಿ ಒಳಗೆ ಬರಬಾರದು ಅಂತ, ಸಾರ್.