ವಯಸ್ಸಾದಂತೆ ಮುಖ ಯಾಕೆ ಬದಲಾಗುತ್ತದೆ? ಚರ್ಮವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 46 ವರ್ಷ. ತೂಕ ಎಷ್ಟೋ ವರ್ಷದಿಂದ ಅಷ್ಟೇ ಇದೆ. ಆದರೂ ಕೆನ್ನೆ ಇಳಿದಿದೆ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಗೆರೆ ಬಿದ್ದಿದೆ, ಕಣ್ಣಿನ ಕೆಳಗೆ ಚೀಲ. ನಿದ್ದೆ ಚೆನ್ನಾಗಿಯೇ ಮಾಡುತ್ತೇನೆ. ಆದರೂ ನೋಡಿದವರೆಲ್ಲ ‘ಯಾಕೆ, ಸುಸ್ತಾ?’ ಅಂತಾರೆ. ಕ್ರೀಮ್ ಹಚ್ಚಿ ಹಚ್ಚಿ ಸಾಕಾಯ್ತು. ನನ್ನ ಚರ್ಮಕ್ಕೆ ಏನಾಗಿದೆ?

ಚರ್ಮವೈದ್ಯೆ: ಚರ್ಮಕ್ಕಿಂತ ಅದರ ಕೆಳಗೆ ಜಾಸ್ತಿ ಆಗಿದೆ. ಕ್ರೀಮ್ ಅಲ್ಲಿಯವರೆಗೆ ಇಳಿಯುವುದೇ ಇಲ್ಲ.

ಮೂಳೆಯಿಂದ ಶುರು ಮಾಡೋಣ. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳೆದು ದೊಡ್ಡವರಾದ ಮೇಲೆ ತಲೆಬುರುಡೆ ಹಾಗೇ ಇರುತ್ತದೆ ಅಂದುಕೊಂಡಿರುತ್ತೇವೆ. ಇರುವುದಿಲ್ಲ. ಕಣ್ಣಿನ ಗುಳಿಯ ಅಂಚು ನಿಧಾನವಾಗಿ ಸವೆದು ಗುಳಿ ಅಗಲವಾಗುತ್ತದೆ. ಮೇಲ್ದವಡೆಯ ಮೂಳೆ ಹಿಂದಕ್ಕೆ ಸರಿಯುತ್ತದೆ, ಮೂಗಿನ ಬುಡದ ಆಸರೆ ಕಡಿಮೆಯಾಗಿ ತುದಿ ಕೆಳಗೆ ವಾಲುತ್ತದೆ. ಹಲ್ಲು ಉದುರಿದವರಲ್ಲಿ ಹಲ್ಲನ್ನು ಹಿಡಿದಿದ್ದ ಮೂಳೆಯೂ ಕರಗುತ್ತದೆ. ಆಗ ತುಟಿ ಒಳಕ್ಕೆ ಹೋಗುತ್ತದೆ, ಗದ್ದ ಮುಂದೆ ಬಂದಂತೆ ಕಾಣುತ್ತದೆ.

ಅದರ ಮೇಲೆ ಕೊಬ್ಬು. ಮುಖದ ಕೊಬ್ಬು ಒಂದೇ ಪದರ ಅಲ್ಲ. 2007ರಲ್ಲಿ ರೋರಿಚ್ ಮತ್ತು ಪೆಸ್ಸಾ ಎಂಬ ಇಬ್ಬರು ಪ್ಲಾಸ್ಟಿಕ್ ಸರ್ಜನ್‌ಗಳು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶವಗಳ ಮುಖಕ್ಕೆ ನೀಲಿ ಬಣ್ಣ ಚುಚ್ಚಿ ನೋಡಿದ್ದರು. ಬಣ್ಣ ಎಲ್ಲೆಡೆ ಹರಡಲಿಲ್ಲ, ಅಲ್ಲಲ್ಲೇ ನಿಂತಿತು. ಅಂದರೆ ಕೊಬ್ಬು ಬೇರೆ ಬೇರೆ ಗೂಡುಗಳಲ್ಲಿದೆ, ಒಂದೊಂದೂ ತನ್ನ ಪಾಡಿಗೆ ಬದಲಾಗುತ್ತದೆ. ಕೆನ್ನೆಯ ಆಳದ ಗೂಡು ಕುಗ್ಗುತ್ತದೆ, ದವಡೆ ಹತ್ತಿರದ್ದು ಇಳಿದು ದಪ್ಪ ಕಾಣುತ್ತದೆ. ತೂಕದ ಮಷೀನಿಗೆ ಇದೇನೂ ಗೊತ್ತಾಗುವುದಿಲ್ಲ. ದಿಂಬಿನ ಹತ್ತಿ ತಗ್ಗಿದರೆ ಗವಸು ಸುಕ್ಕಾಗುತ್ತೆ ಅಲ್ವಾ? ನಿಮ್ಮ ಬಾಯಿ ಪಕ್ಕದ ಗೆರೆಯೂ ಹಾಗೇ ಆಳವಾದದ್ದು.

ಇನ್ನು ಚೀಲ. ಕಣ್ಣುಗುಡ್ಡೆಯ ಸುತ್ತ ಕೊಬ್ಬು ಇರುತ್ತದೆ. ಅದನ್ನು ತಡೆದಿಟ್ಟ ತೆಳು ಪೊರೆ ಸಡಿಲವಾದರೆ ಅದು ಮುಂದಕ್ಕೆ ಉಬ್ಬುತ್ತದೆ. ಕನ್ನಡಿ ಮುಂದೆ ನಿಂತು, ತಲೆ ಎತ್ತದೆ ಕಣ್ಣನ್ನು ಮಾತ್ರ ಮೇಲೆ ಮಾಡಿ. ಉಬ್ಬು ಜಾಸ್ತಿಯಾದರೆ ಅದು ಬಹುತೇಕ ಕೊಬ್ಬು. ಬೆಳಿಗ್ಗೆ ಜಾಸ್ತಿ ಇದ್ದು ಸಂಜೆ ಹೊತ್ತಿಗೆ ಇಳಿದರೆ ಅದು ನೀರು. ನಿದ್ದೆ ಮಾಡಿದರೂ ಹೋಗದ ಚೀಲ ಸಾಮಾನ್ಯವಾಗಿ ಮೊದಲನೆಯದು.

ಪ್ರಶ್ನೆ: ಹಾಗಾದರೆ ಕೊಲಾಜೆನ್ ಕಡಿಮೆಯಾಗುತ್ತೆ ಅನ್ನೋದೆಲ್ಲ ಸುಮ್ನೆನಾ ಮೇಡಂ?

ಚರ್ಮವೈದ್ಯೆ: ಸುಮ್ನೆ ಅಲ್ಲ. ಚರ್ಮಕ್ಕೆ ಗಟ್ಟಿತನ ಕೊಡುವ ನಾರು ಅದೇ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ 5 ವರ್ಷದಲ್ಲೇ ಚರ್ಮದ ಕೊಲಾಜೆನ್ ಸುಮಾರು ಶೇ. 30ರಷ್ಟು ಇಳಿಯುತ್ತದೆ. ‘ಒಂದೆರಡು ವರ್ಷದಲ್ಲಿ ಮುಖವೇ ಬೇರೆ ಆಯ್ತು’ ಅಂತ ಹೇಳುವವರನ್ನು ನಾನು ನಂಬುತ್ತೇನೆ.

ಆದರೆ ವಯಸ್ಸಿನ ಲೆಕ್ಕಕ್ಕೆ ಬರೆಯುವ ಎಷ್ಟೋ ಸುಕ್ಕು ಬಿಸಿಲಿನವು. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬರ ಫೋಟೊ ಬಂತು. 28 ವರ್ಷ ಡೆಲಿವರಿ ಟ್ರಕ್ ಓಡಿಸಿದವರು. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಕಿಟಕಿ ಕಡೆಯ ಎಡಗೆನ್ನೆ ದಪ್ಪಗಾಗಿ, ಆಳವಾಗಿ ಸುಕ್ಕುಗಟ್ಟಿತ್ತು. ಬಲಗಡೆ ಅಷ್ಟು ಹಾಳಾಗಿರಲಿಲ್ಲ. ಅದೇ ಮನುಷ್ಯ, ಅದೇ ವಯಸ್ಸು, ಅದೇ ವಂಶ. ಚರ್ಮ ಸುಡಿಸುವ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಆಳಕ್ಕೆ ಇಳಿದು ಕೊಲಾಜೆನ್ ಹಾಳುಮಾಡುವ ಯುವಿಎ ಗಾಜು ದಾಟಿ ಬರುತ್ತದೆ. ಸುಟ್ಟ ಅನುಭವವೇ ಆಗದ ಕಾರಣ ಗೊತ್ತೂ ಆಗುವುದಿಲ್ಲ.

ಪ್ರಶ್ನೆ: ನನ್ನದು ಕಪ್ಪು ಮೈಬಣ್ಣ. ನನಗೂ ಸನ್‌ಸ್ಕ್ರೀನ್ ಬೇಕಾ?

ಚರ್ಮವೈದ್ಯೆ: ಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇರುವುದರಿಂದ ನಿಮಗೆ ಸುಕ್ಕು ತಡವಾಗಿ ಬರುತ್ತದೆ. ಅದು ನಿಮ್ಮ ಅದೃಷ್ಟ. ಆದರೆ ಕಲೆ, ಬಂಗು, ಅಲ್ಲಲ್ಲಿ ಬಣ್ಣ ವ್ಯತ್ಯಾಸ ಮೊದಲು ಕಾಣುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಹೆಚ್ಚಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಆರಿಸಿಕೊಳ್ಳಿ.

ಮೊದಲು ಕೇಳಿದವರು: ಈಗ ನಾನೇನು ಮಾಡಲಿ, ಅದನ್ನು ಹೇಳಿ.

ಚರ್ಮವೈದ್ಯೆ: ಸನ್‌ಸ್ಕ್ರೀನ್ ಇವತ್ತಿನಿಂದ, ದಿನಾ. ಆಸ್ಟ್ರೇಲಿಯಾದಲ್ಲಿ 55ರೊಳಗಿನವರ ಮೇಲೆ ಸುಮಾರು ನಾಲ್ಕೂವರೆ ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ದಿನಾ ಹಚ್ಚಿದವರಲ್ಲಿ, ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ, ಚರ್ಮಕ್ಕೆ ವಯಸ್ಸಾಗುವುದು ಶೇ. 24ರಷ್ಟು ಕಡಿಮೆ ಇತ್ತು. ರಾತ್ರಿಗೆ ಟ್ರೆಟಿನಾಯಿನ್ ಎಂಬ, ವಿಟಮಿನ್ ಎ ಬಗೆಯ ಹಚ್ಚುವ ಔಷಧಿ ಆಗಬಹುದು. ವೈದ್ಯರಿಗೆ ತೋರಿಸಿಯೇ ಶುರು ಮಾಡಿ, ಗರ್ಭಿಣಿಯರಿಗಂತೂ ಬೇಡ. ಇದರಿಂದ ಸಣ್ಣ ಗೆರೆ, ಕಲೆ ಸುಧಾರಿಸುತ್ತವೆ. ಚೀಲ ಹೋಗುವುದಿಲ್ಲ. ಅದಕ್ಕೆ ಇರುವ ಗಟ್ಟಿ ದಾರಿ ಆಪರೇಷನ್, ಅದೂ ನಿಮಗೆ ಬೇಕೆನಿಸಿದರೆ. ಕೆನ್ನೆ ತುಂಬಲು ಫಿಲ್ಲರ್ ಎಂಬ ಚುಚ್ಚುಮದ್ದು ಇದೆ. ಆದರೆ ಅದು ತಪ್ಪಿ ರಕ್ತನಾಳದೊಳಗೆ ಹೋದರೆ ಕಣ್ಣೇ ಹೋಗಬಹುದು. ಪಾರ್ಲರ್‌ನಲ್ಲಿ ಮಾಡಿಸಿಕೊಳ್ಳುವ ಕೆಲಸ ಅಲ್ಲ.

ಪ್ರಶ್ನೆ: ನಮ್ಮ ತಾತನ ಕಿವಿ ದೊಡ್ಡದಾಗ್ತಾ ಇದೆ ಅಂತ ಮನೆಯಲ್ಲಿ ತಮಾಷೆ ಮಾಡ್ತೀವಿ. ನಿಜಾನಾ?

ಚರ್ಮವೈದ್ಯೆ: ನಿಜ! 1995ರಲ್ಲಿ ಒಬ್ಬ ಬ್ರಿಟಿಷ್ ಡಾಕ್ಟರ್ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ವರು ಡಾಕ್ಟರ್‌ಗಳು ತಮ್ಮ ಹತ್ತಿರ ಬಂದ ರೋಗಿಗಳ ಕಿವಿ ಅಳೆದಿದ್ದರು. ಕಿವಿ ಬೆಳೆಯುವುದು ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್. 50 ವರ್ಷಕ್ಕೆ 1 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಆಯ್ತು. ತಾತನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ 50. ನಾಲ್ಕೈದು ವರ್ಷದಲ್ಲಿ ಮೂಗು, ತುಟಿ, ಕೆಳದವಡೆ ಎಲ್ಲ ದಪ್ಪ ಆಗಿವೆ. ಇದೂ ವಯಸ್ಸಿನದ್ದೇ ತಾನೆ?

ಚರ್ಮವೈದ್ಯೆ: ಇದನ್ನು ವಯಸ್ಸು ಅಂತ ಬಿಡಬೇಡಿ. ವಯಸ್ಸಾದರೆ ತುಟಿ ತೆಳುವಾಗುತ್ತದೆ, ದಪ್ಪವಾಗುವುದಿಲ್ಲ. ಅವರನ್ನು ಕೇಳಿ: ಉಂಗುರ ಬಿಗಿಯಾಗಿದೆಯಾ? ಚಪ್ಪಲಿ ಸೈಜ್ ಹೆಚ್ಚಿದೆಯಾ? ಹಲ್ಲುಗಳ ನಡುವೆ ಸಂದು ಬಿದ್ದಿದೆಯಾ? ಹೌದು ಅಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗಿರಬಹುದು. ಐಜಿಎಫ್-1 ಎಂಬ ರಕ್ತಪರೀಕ್ಷೆಯಿಂದ ಶುರು ಮಾಡುತ್ತಾರೆ, ಚಿಕಿತ್ಸೆ ಇದೆ. ಹಾರ್ಮೋನ್ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಅವರ ಹತ್ತು ವರ್ಷದ ಹಿಂದಿನ ಫೋಟೊಗಳೂ ಜೊತೆಗಿರಲಿ, ಹೋಲಿಸಿ ನೋಡಲು ಬೇಕಾಗುತ್ತವೆ.